ಕ್ರಶ್ ಅಂದರೆ ಲವ್ವೇನಾ?
(ಮಗಳಿಗೊಂದು ಪತ್ರ)

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಕ್ರಶ್ ಅಂದರೆ ಲವ್ ಅಲ್ಲ ಕಣೇ. ಫೋನಿನಲ್ಲಿ ನೀನು ಕೇಳಿದಾಗ ಅಜ್ಜಿ ಪಕ್ಕದಲ್ಲೇ ಕೂತಿದ್ದರು, ಅದಕ್ಕೇ ಆಮೇಲೆ ಹೇಳುತ್ತೇನೆ ಅಂದೆ. ಎರಡು ಮಾತಿಗೆ ಮುಗಿಯುವ ವಿಷಯವೂ ಅಲ್ಲ ಇದು.

ಇಂಗ್ಲಿಷ್ ಪಾಠ ಮಾಡುವವಳು ನಾನು, ಪದದಿಂದಲೇ ಶುರು ಮಾಡುತ್ತೇನೆ. ಕ್ರಶ್ ಅಂದರೆ ಮೊದಲಿಗೆ ಜಜ್ಜು, ಪುಡಿಮಾಡು. ಹಳೆಯ ಫ್ರೆಂಚಿನಿಂದ ಬಂದದ್ದು. ಕಲ್ಲಿನ ಕ್ರಷರ್ ಅಂತೀವಲ್ಲ, ಅದೇ. ಅದನ್ನು ಮನಸ್ಸಿನ ವಿಷಯಕ್ಕೆ, ಅಂದರೆ ಯಾರ ಮೇಲಾದರೂ ಥಟ್ಟನೆ ಹುಟ್ಟುವ ಸೆಳೆತಕ್ಕೆ, ತಂದವರು ಅಮೆರಿಕದವರು. 1884ರಲ್ಲಿ ಅಲ್ಲಿನ ತರುಣಿಯೊಬ್ಬಳು ಬರೆದ ದಿನಚರಿಯಲ್ಲಿ ಈ ಅರ್ಥ ಆಗಲೇ ಇದೆ. ಹುಟ್ಟಿದ ಭಾವನೆಗೂ ಕ್ರಶ್, ಅದನ್ನು ಹುಟ್ಟಿಸಿದವನಿಗೂ ಕ್ರಶ್. 'ಅವನ ಮೇಲೆ ಕ್ರಶ್ ಇದೆ' ಅಂದರೂ ಸರಿ, 'ಅವನು ನನ್ನ ಕ್ರಶ್' ಅಂದರೂ ಸರಿ. ಎಷ್ಟೋ ಸಲ ಅವನಿಗೆ ಸುದ್ದಿಯೇ ಇರುವುದಿಲ್ಲ. ಬಂದ ಹಾಗೇ ಇಳಿದೂ ಹೋಗಬಹುದು. ಲವ್ ಅನ್ನಬೇಕಾದರೆ ಮನುಷ್ಯನ ಗುರುತಾದರೂ ಬೇಕಲ್ಲ ಮಾರಾಯ್ತಿ: ಸಿಟ್ಟು ಬಂದಾಗ ಹೇಗಿರುತ್ತಾನೆ, ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನನ್ನು ಹೇಗೆ ಮಾತಾಡಿಸುತ್ತಾನೆ. ನಿನ್ನ ಸೀನಿಯರ್ ಬಗ್ಗೆ ಸದ್ಯಕ್ಕೆ ನಿನಗೆ ಗೊತ್ತಿರುವುದು ಚೆನ್ನಾಗಿ ಹಾಡುತ್ತಾನೆ ಅನ್ನುವುದಷ್ಟೇ.

ಈ ಪದ ನಿಮಗೆ ಸಿಕ್ಕಿದ್ದು ನನಗೆ ನಿಜಕ್ಕೂ ಖುಷಿ. ನಮ್ಮ ಕಾಲದಲ್ಲಿ 'ಅವಳಿಗೆ ಅವನ ಮೇಲೆ ಮನಸ್ಸಿದೆ' ಅಂದರೆ ಒಂದೋ ಜಾತಕ, ಇಲ್ಲವೋ ಮಾನ ಹೋದ ಮಾತು. ಕೊನೆಕೊಯ್ಲಿನ ದಿನಗಳಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಸರಿರಾತ್ರಿವರೆಗೆ ಅಡಿಕೆ ಸುಲಿಯುತ್ತಿದ್ದರು. ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ, ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಅಷ್ಟರೊಳಗೆ ಯಾರದೋ ಹೆಸರಿಗೆ ಇನ್ಯಾರದೋ ಹೆಸರು ಸೇರಿಕೊಳ್ಳುತ್ತಿತ್ತು. ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನನ್ನು ನೋಡಿ ನಕ್ಕಿದ್ದಿರಬಹುದು, ಅಷ್ಟೇ. ಮರುವರ್ಷ ಅವಳು ಕಾಲೇಜಿಗೆ ಬರುತ್ತಿರಲಿಲ್ಲ. ಹಾಗೆ ಓದು ನಿಂತವರು ನನ್ನ ಗೆಳತಿಯರಲ್ಲೇ ಇದ್ದಾರೆ. ಇಷ್ಟವಾಯಿತು ಅನ್ನುವುದಕ್ಕೂ ಮದುವೆಗೂ ನಡುವೆ ಕಾಲಿಡುವಷ್ಟೂ ಜಾಗ ಇರಲಿಲ್ಲ. ನಿಮಗೆ ಆ ಜಾಗ ಇದೆ, ಅದಕ್ಕೊಂದು ಹೆಸರೂ ಇದೆ. ಯಾರ ಮುಂದೆಯೂ ನಾಚಿಕೊಂಡು ಅದನ್ನು ಬಚ್ಚಿಡಬೇಡ.

ಅದೇ ಕ್ರಶ್ ಹಟಕ್ಕೆ ತಿರುಗಿದರೆ ಬೇರೆ ಮಾತು. ಶಿಕಾರಿಪುರದ ಕಡೆಯ ಉಡುತಡಿಗೆ ಹೋಗಿದ್ದೆವಲ್ಲ, ಅಕ್ಕಮಹಾದೇವಿಯ ಊರು. ಕೌಶಿಕ ರಾಜ ಅವಳನ್ನು ನೋಡಿದವನೇ ಮರುಳಾದ ಅಂತ ಕಥೆ. ಮರುಳಾದದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಅವಳಿಗೆ ಮನಸ್ಸಿಲ್ಲ ಅಂತ ಗೊತ್ತಾದ ಮೇಲೂ ಬೇಕೇ ಬೇಕು ಅಂದನಲ್ಲ, ಅದು ತಪ್ಪು. ಕೊನೆಗೆ ಊರು ಬಿಟ್ಟು ಕಲ್ಯಾಣದ ದಾರಿ ಹಿಡಿದವಳು ಅವಳು. ನೀನು ಯಾರಿಗೋಸ್ಕರವೂ ಶಿವಮೊಗ್ಗ ಬಿಡಬೇಕಾಗಿಲ್ಲ. 'ನೀನು ನನ್ನ ಕ್ರಶ್' ಅಂತ ಯಾರಾದರೂ ಹಿಂದೆ ಬಿದ್ದರೆ, ಬೇಡ ಅಂದ ಮೇಲೂ ಮತ್ತೆ ಮತ್ತೆ ಮೆಸೇಜ್ ಮಾಡಿದರೆ, ಅದು ಅಪರಾಧ. 2013ರಿಂದ ಕಾನೂನಿನಲ್ಲಿದೆ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮೊದಲು ನನಗೆ ಹೇಳು. ಹೇಳಿದರೆ ಓದು ಬಿಡಿಸಿಬಿಡುತ್ತಾರೆ ಅಂತ ಹೆದರಬೇಡ, ಈ ಮನೆಯಲ್ಲಿ ಅದು ಆಗುವುದಿಲ್ಲ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ನಿನಗೂ ಅಷ್ಟೇ. ಅವನ ಸ್ಟೇಟಸ್ ನೋಡುತ್ತಲೇ ರಾತ್ರಿ ಕಳೆದರೆ, ಅವನು ತಿರುಗಿ ನೋಡಲಿಲ್ಲ ಅಂತ ಅನ್ನ ಸೇರದಿದ್ದರೆ, ಅದು ಕ್ರಶ್ಶನ್ನು ದಾಟಿ ಹೋಗಿದೆ ಅಂತ ತಿಳಿ. ಅದಕ್ಕೆ ಲಿಮರೆನ್ಸ್ ಅಂತ ಹೆಸರಿಟ್ಟವರು ಡೊರೊಥಿ ಟೆನೊವ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ; 1979ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಹಾಗೇನಾದರೂ ಆದರೆ ಹಾಸ್ಟೆಲಿನಲ್ಲಿ ಒಬ್ಬಳೇ ಕೂರಬೇಡ, ಬಸ್ ಹತ್ತಿ ಮನೆಗೆ ಬಾ.

ಈಗ ಹಾಗೇನೂ ಇಲ್ಲ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು. ಮಾತಾಡಿಸಬೇಕು ಅನ್ನಿಸಿದರೆ ಮಾತಾಡಿಸು. ಹಾಡು ಚೆನ್ನಾಗಿತ್ತು ಅಂತ ಹೇಳು. ಅವನು ಏನಂದ ಅಂತ ನನಗೆ ಬರಿ.

ನಿನ್ನ
ಅಮ್ಮ