ಅದು ಬರಡು ನೆಲವಲ್ಲ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸಿಡ್ನಿ ಪ್ರವಾಸದ ಲೇಖನವು, ನಗರದ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕ್‌ನ ಕಡಲಂಚಿನ ದಿಬ್ಬಗಳನ್ನು ಕುರುಚಲು ಬಿಟ್ಟರೆ ಮತ್ತೇನೂ ಬೆಳೆಯದ ಬರಡು ನೆಲವೆಂದು ಬಣ್ಣಿಸಿದೆ. ಅದರ ಪಕ್ಕದಲ್ಲೇ ಹಲವು ವರ್ಷಗಳಿಂದ ಮನೆ ಮಾಡಿಕೊಂಡಿರುವ ನನಗೆ ಈ ಮಾತನ್ನು ತಿದ್ದಬೇಕೆನಿಸಿತು.

ಇಲ್ಲಿನವರು ‘ಹೀತ್’ ಎನ್ನುವ ಈ ಪೊದೆಬಯಲು ಹರಡಿಕೊಂಡಿರುವುದು 20 ಕೋಟಿ ವರ್ಷಗಳಿಗೂ ಹಳೆಯದಾದ ಹಾಕ್ಸ್‌ಬರಿ ಮರಳುಗಲ್ಲಿನ ಮೇಲೆ. ಬಾದಾಮಿಯ ಬಂಡೆ ನೋಡಿದವರಿಗೆ ಕಲ್ಲಿನ ಜಾತಿ ಕೂಡಲೇ ಗುರುತಾಗುತ್ತದೆ. ಅದು ಸವೆದು ಉಳಿಯುವುದು ತೆಳ್ಳನೆಯ ಮರಳುಮಣ್ಣು. ಅದರಲ್ಲಿ ರಂಜಕ ಇಲ್ಲವೆನ್ನುವಷ್ಟು ಕಡಿಮೆ, ಮೇಲಿಂದ ಕಡಲಿನ ಉಪ್ಪುಗಾಳಿ ಬೇರೆ. ಇಲ್ಲಿ ಮರಗಳು ಎತ್ತರಕ್ಕೆ ಏಳುವುದಿಲ್ಲ, ನಿಜ. ಆದರೆ ಮರವಿಲ್ಲದ ನೆಲವನ್ನೆಲ್ಲ ಪಾಳು ಎನ್ನುವುದು ನಮ್ಮ ಹಳೆಯ ಚಾಳಿ. ನಮ್ಮ ಹುಲ್ಲುಗಾವಲುಗಳಲ್ಲಿ ಇದೇ ದೇಶದ ನೀಲಗಿರಿ, ಅಕೇಶಿಯಾಗಳನ್ನು ತಂದು ನೆಟ್ಟದ್ದೂ ಅದೇ ಎಣಿಕೆಯಿಂದ.

ಬ್ಯಾಂಕ್ಸಿಯಾ, ಹೇಕಿಯಾ, ಗ್ರೆವಿಲಿಯಾಗಳು ಈ ಬಡ ಮಣ್ಣಿಗೆ ಹೇಳಿ ಮಾಡಿಸಿದ ಗಿಡಗಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಕೂಡ ಒಂದು ಗ್ರೆವಿಲಿಯಾವೇ. ಅದು ಮಳೆಕಾಡಿನ ಮರ, ಇವು ಬಂಡೆಯ ಮೇಲಿನ ದಾಯಾದಿಗಳು. ಇವುಗಳ ಬೇರು ಕುಚ್ಚುಕುಚ್ಚಾಗಿ ಒಡೆದು, ಆಮ್ಲ ಸುರಿಸಿ, ಮಣ್ಣಿನ ಕಣಗಳಿಗೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಇದನ್ನು ತಿಳಿಯದೆ ನಾನು, ಒಕ್ಕಲು ಮನೆತನದ ಹುಮ್ಮಸ್ಸಿನಲ್ಲಿ, ಹಿತ್ತಲಿನ ಬ್ಯಾಂಕ್ಸಿಯಾದ ಬುಡಕ್ಕೆ ಎರಡು ಬೊಗಸೆ ಕೋಳಿಗೊಬ್ಬರ ಹಾಕಿದೆ; ಅಷ್ಟು ರಂಜಕ ತಾಳದೆ ತಿಂಗಳೊಪ್ಪತ್ತಿನಲ್ಲಿ ಎಲೆ ಕಂದಿ ಗಿಡ ಸತ್ತಿತು. ಕಾಡಿನ ಅಂಚಿನಲ್ಲೂ ಇದೇ ನಡೆಯುತ್ತಿದೆ. ಬಡಾವಣೆಗಳ ಚರಂಡಿ ನೀರು ಪೋಷಕಾಂಶ ಹೊತ್ತು ಇಳಿಜಾರಿಗೆ ಹರಿದಲ್ಲೆಲ್ಲ ಈ ನೆಲದ್ದೇ ಆದ ಗಿಡಗಳು ಹಿಂದೆ ಸರಿದು, ನಮಗೆ ಚೆನ್ನಾಗಿ ಪರಿಚಯವಿರುವ ಲಂಟಾನ ಮುಂದೆ ಬರುತ್ತದೆ.

ಬೆಂಕಿಯ ಲೆಕ್ಕವೂ ಅಷ್ಟೇ ನಾಜೂಕು. 1994ರ ಜನವರಿಯಲ್ಲಿ ಈ ಉದ್ಯಾನದ ಶೇ 90ಕ್ಕೂ ಹೆಚ್ಚು ಭಾಗ ಸುಟ್ಟುಹೋಗಿತ್ತು, ಆದರೂ ಹಸಿರು ಮರಳಿತು. ಹಲ್ಲೆಲೆಯ ದೊಡ್ಡ ಬ್ಯಾಂಕ್ಸಿಯಾ ಕರಕಲು ತೊಗಟೆಯೊಳಗಿಂದ ಚಿಗುರಿತು. ಸೂಜಿಯೆಲೆಯ ಬ್ಯಾಂಕ್ಸಿಯಾ ಬೆಂಕಿಗೆ ಸಾಯುತ್ತದೆ. ಅದರ ಮರಗಾಯಿಗಳು ಶಾಖಕ್ಕೆ ಬಾಯಿಬಿಟ್ಟು ಬೂದಿಯ ಮೇಲೆ ಬೀಜ ಚೆಲ್ಲುತ್ತವೆ. ಆ ಸಸಿಗಳು ಹೂಬಿಟ್ಟು ಸಾಕಷ್ಟು ಬೀಜ ಕೂಡಿಸಲು ಹಲವು ವರ್ಷ ಬೇಕು. ಅಷ್ಟರೊಳಗೆ ಮತ್ತೆ ಬೆಂಕಿ ಬಿದ್ದರೆ ಆ ಜಾಗದಲ್ಲಿ ಅದರ ವಂಶವೇ ಮುಗಿಯುತ್ತದೆ.

1879ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಧರಾವಲ್ ಎಂಬ ಮೂಲನಿವಾಸಿ ಜನರ ನಾಡಿನಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಸಸ್ಯಗಳಿವೆ. ನಿಮ್ಮ ಲೇಖಕರು ಬಂದದ್ದು ಬಹುಶಃ ಬಿರುಬೇಸಿಗೆಯ ಜನವರಿಯಲ್ಲಿ. ನಮ್ಮ ಗೌರಿ ಹಬ್ಬದ ಹೊತ್ತಿಗೆ ಬಂದಿದ್ದರೆ ಬೊರೋನಿಯಾದ ಗುಲಾಬಿ, ಬಟಾಣಿ ಜಾತಿಯ ಹೂಗಳ ಹಳದಿ, ಉಣ್ಣೆಯಂತಹ ಫ್ಲಾನೆಲ್ ಹೂವಿನ ಬಿಳುಪು, ಇಷ್ಟನ್ನೂ ಒಂದೇ ಕಾಲುದಾರಿಯಲ್ಲಿ ಕಾಣುತ್ತಿದ್ದರು. ಮಕ್ಕಳ ಮನೆಗೆಂದು ಬರುವ ನಮ್ಮ ಹಿರಿಯರಿಗೂ ಆಗ ಅಲ್ಲಿ ನಡೆದಾಡಲು ಹಿತವಾಗಿರುತ್ತದೆ. ಬೇರು ಕೊಳೆಸುವ ಒಂದು ರೋಗ ಮಣ್ಣಿನ ಜೊತೆ ಹರಡುವುದರಿಂದ, ಅವರು ಬೂಟಿನ ಮಣ್ಣನ್ನು ಉಜ್ಜಿಕೊಂಡೇ ಒಳಗೆ ಕಾಲಿಡಬೇಕು. ಪೂಜೆಗೆಂದು ಒಂದು ಹೂ ಕೀಳುವುದಕ್ಕೂ ಅಲ್ಲಿ ಅನುಮತಿಯಿಲ್ಲ.

ಇಂತಿ,
ಸಿಡ್ನಿಯ ಓದುಗ