ಮಣ್ಣಿನ ಹದ ತಿಳಿದರೆ ಹೆಸರು ತಾನೇ ತಿಳಿಯುತ್ತದೆ

ಖಾನಾಪುರ

ಪ್ರಿಯ ಬಸವರಾಜನಿಗೆ,

ವಿಜಯಪುರದಲ್ಲಿ ಕುಂಬಾರಿಕೆಯ ತರಗತಿಗೆ ಸೇರಿದ ಸುದ್ದಿ ಓದಿ ಸಂತೋಷವಾಯಿತು. ಅಲ್ಲಿ ಮಣ್ಣಿನ ಹದಕ್ಕೂ ಕೆಲಸಕ್ಕೂ ಬಳಸುವ ಇಂಗ್ಲಿಷ್ ಹೆಸರುಗಳೆಲ್ಲ ಗೋಜಲೆನಿಸುತ್ತಿವೆ ಎಂದಿದ್ದೀಯ. ಅವುಗಳಲ್ಲಿ ಹಲವು, ಮಣ್ಣಿನಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನಷ್ಟೇ ಹೇಳುತ್ತವೆ. ಆದ್ದರಿಂದ ಕಂಠಪಾಠ ಮಾಡುವ ಗೋಜಿಗೆ ಹೋಗಬೇಡ.

ಗಟ್ಟಿ ಮಜ್ಜಿಗೆಯಂತೆ ಕಲಸಿದ ಮಣ್ಣು ಸ್ಲಿಪ್. ಗಾಳಿಯ ಗುಳ್ಳೆಗಳು ಹೋಗಿ ಹದ ಒಂದೇ ಸಮನಾಗುವಂತೆ ನಾದುವುದು ವೆಡ್ಜಿಂಗ್. ಮುದ್ದೆಯನ್ನು ತಿಗರಿಯ ನಟ್ಟನಡುವೆ ಅಲುಗದಂತೆ ನಿಲ್ಲಿಸುವುದು ಸೆಂಟರಿಂಗ್.

ನಿಜವಾದ ಪರೀಕ್ಷೆ ಲೆದರ್ ಹಾರ್ಡ್ ಎಂಬ ಹದದಲ್ಲಿದೆ. ಪಾತ್ರೆ ಅರ್ಧ ಆರಿರುತ್ತದೆ, ಎತ್ತಿ ಹಿಡಿದರೆ ಆಕಾರ ಕೆಡುವುದಿಲ್ಲ, ಉಗುರು ಒತ್ತಿದರೆ ಮಾತ್ರ ಗುರುತು ಮೂಡುತ್ತದೆ. ತಳವನ್ನು ಕೆತ್ತಿ ತೆಳುವಾಗಿಸುವ ಟ್ರಿಮ್ಮಿಂಗ್ ಈಗಲೇ ಆಗಬೇಕು. ಹಿಡಿಕೆಯನ್ನೂ ಈಗಲೇ, ಎರಡೂ ಕಡೆ ಗೀರಿ, ಸ್ಲಿಪ್ ಹಚ್ಚಿ ಕೂಡಿಸಬೇಕು. ಪಾತ್ರೆ ಒಣಗಿ ಹಿಡಿಕೆ ಹಸಿಯಾಗಿದ್ದರೆ, ಆರುವಾಗ ಹಿಡಿಕೆಯೇ ಹೆಚ್ಚು ಕುಗ್ಗಿ, ಕೂಡಿಸಿದ ಜಾಗದಲ್ಲಿ ಬಿರುಕು ಬಿಡುತ್ತದೆ. ನಮ್ಮ ಕಡೆಯ ಕುಂಬಾರರು ಒಳಗೆ ಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ, ನೀರು ತುಂಬಿಡುವ ಹರವಿಯ ಹೊಟ್ಟೆ ಹಿಗ್ಗಿಸುವುದೂ ಪೂರ್ತಿ ಒಣಗುವ ಮುನ್ನವೇ. ನಿಮ್ಮೂರಿನ ಬಿಸಿಲಿಗೆ ಈ ಹದ ಬೇಗ ಕೈಜಾರುವುದರಿಂದ ಪಾತ್ರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿಡು.

ಮುಟ್ಟಿದಾಗ ತಂಪೆನಿಸದಿದ್ದರೆ ಅದು ಬೋನ್ ಡ್ರೈ, ಭಟ್ಟಿಗೆ ಸಿದ್ಧ. ಸಾಮಾನ್ಯವಾಗಿ 900ರಿಂದ 1000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮಾಡುವ ಮೊದಲ ಸುಡುವಿಕೆ ಬಿಸ್ಕ್. ಆಮೇಲೆ ನೀರಿನಲ್ಲಿ ಎಷ್ಟು ನೆನೆಸಿದರೂ ಅದು ಮತ್ತೆ ಮಣ್ಣಾಗದು, ಆದರೆ ನೀರು ಹೀರುತ್ತದೆ. ಅದರಿಂದಲೇ ಗ್ಲೇಜ್ ಅದಕ್ಕೆ ಹಿಡಿಯುತ್ತದೆ. ಗ್ಲೇಜ್ ಎಂದರೆ ಎರಡನೆಯ ಸುಡುವಿಕೆಯಲ್ಲಿ ಕರಗಿ ಪಾತ್ರೆಗೆ ಅಂಟಿಕೊಳ್ಳುವ ಗಾಜಿನ ಪದರವೇ. ಹರವಿಗೆ ಅದನ್ನು ಬಳಿಯುವುದಿಲ್ಲ, ಬಳಿಯಲೂಬಾರದು: ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ.

ಮಣ್ಣಿನ ಜಾತಿ ಮೂರು ಎಂದಿಟ್ಟುಕೋ. ಕಬ್ಬಿಣದ ಅಂಶದಿಂದ ಕೆಂಪಾಗಿ ಸುಡುವ ನಮ್ಮ ಗಡಿಗೆಗಳಂಥವು ಅರ್ಥನ್‌ವೇರ್, ಸುಮಾರು 1200ರಿಂದ 1300 ಡಿಗ್ರಿಯಲ್ಲಿ ಗಟ್ಟಿಗೊಳ್ಳುವುದು ಸ್ಟೋನ್‌ವೇರ್, ಕೆಯೋಲಿನ್ ಎಂಬ ಬಿಳಿ ಮಣ್ಣು ಸೇರಿದ್ದು ಪಿಂಗಾಣಿ. ಅರ್ಥನ್‌ವೇರ್ ಮಣ್ಣನ್ನು ಸ್ಟೋನ್‌ವೇರಿನ ಶಾಖಕ್ಕೆ ಒಡ್ಡಿದರೆ ಕುಸಿದು ಭಟ್ಟಿಯ ಹಲಗೆಗೇ ಅಂಟಿಕೊಂಡೀತು. ಗ್ಲೇಜ್ ಕೊಳ್ಳುವ ಮೊದಲು ನಿಮ್ಮ ಗುರುಗಳನ್ನು ಕೇಳಿ, ಮಣ್ಣಿನ ಚೀಲದ ಮೇಲೆಯೇ ಅದರ ಶಾಖದ ಮಿತಿಯನ್ನು ಬರೆದಿಡು.

ಇಂತು ನಿನ್ನ ಗೆಳೆಯ,
ಮಹಾಂತೇಶ