ಈ ಮೀನನ್ನು ಮನೆಗೆ ತರಬೇಡಿ

ಮಾನ್ಯರೇ,

ಮನೆಯಲ್ಲಿ ಸಮುದ್ರದ ಮೀನು ಸಾಕುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಹೊಸಬರಿಗೆ ಉಪಯೋಗ ಆಗುವ ಮಾತು ತುಂಬಾ ಇದೆ. ಆದರೆ ಬೇರೆ ಮೀನುಗಳನ್ನು ಆರೋಗ್ಯವಾಗಿಡುತ್ತದೆ ಅಂತ ಕ್ಲೀನರ್ ರ‍್ಯಾಸ್ ಅನ್ನುವ ಪುಟ್ಟ ಮೀನಿನ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿದ್ದೀರಿ. ಅದಕ್ಕೇ ಈ ಪತ್ರ.

ಮೂರು ವರ್ಷದ ಹಿಂದೆ ನಾನೂ ಒಂದು ತಂದಿದ್ದೆ. ನಮ್ಮ ಟ್ಯಾಂಗ್ ಮೀನಿಗೆ ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ರೋಗ ಬಂದಿತ್ತು. ‘ಇದೊಂದನ್ನ ಬಿಡಿ ಸಾರ್, ಎಲ್ಲಾ ತಿಂದುಹಾಕುತ್ತೆ’ ಅಂದರು ಅಂಗಡಿಯವರು. ಬೆರಳುದ್ದದ ಮೀನು, ನೀಲಿ ಮೈ, ಮೂತಿಯಿಂದ ಬಾಲದ ಕಡೆಗೆ ಅಗಲವಾಗುತ್ತಾ ಹೋಗುವ ಕಪ್ಪು ಪಟ್ಟೆ. ವೈಟ್ ಸ್ಪಾಟ್ ತರುವ ಜೀವಿ ಚರ್ಮದ ಒಳಗೆ ಹುದುಗಿರುತ್ತದೆ, ಈ ಮೀನಿನಿಂದ ಅದು ವಾಸಿಯಾಗಲ್ಲ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಹಾಕಿದ ಆಹಾರವನ್ನು ಆ ಹೊಸ ಮೀನು ಮೂಸಿಯೂ ನೋಡಲಿಲ್ಲ. ಐದನೇ ವಾರ ಹೊಟ್ಟೆ ಒಳಕ್ಕೆ ಹೋಗಿ, ಹಸಿದೇ ಸತ್ತಿತು.

ಸಮುದ್ರದಲ್ಲಿ ಅದರ ಊಟ ಹೇಗಿರುತ್ತದೆ ಗೊತ್ತಾ? ಎಮ್ಮೆ ಮೈಮೇಲಿನ ಉಣ್ಣೆಯನ್ನು ಕಾಗೆ ಹೆಕ್ಕುತ್ತದಲ್ಲ, ಹಾಗೆ ಇದು ಬೇರೆ ಮೀನುಗಳ ಮೈಗೆ ಹತ್ತಿದ ರಕ್ತ ಹೀರುವ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಹವಳದ ದಿಬ್ಬದಲ್ಲಿ ಇದಕ್ಕೊಂದು ಖಾಯಂ ಜಾಗ. ಅಲ್ಲಿಗೆ ಬೇರೆ ಮೀನುಗಳೇ ಬಂದು ಸರದಿ ಕಾಯುತ್ತವೆ, ದೊಡ್ಡ ಗ್ರೂಪರ್ ಮೀನು ಬಾಯಿ ಕಳೆದು ನಿಂತರೆ ಇದು ಒಳಗೇ ಹೋಗಿ ಕಿವಿರಿನ ತನಕ ಹುಡುಕಿ ಹೊರಗೆ ಬರುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಲೆಕ್ಕ ಹಾಕಿದಾಗ ಒಂದು ಮೀನು ದಿನಕ್ಕೆ ಸುಮಾರು 1,200 ಜೀವಿಗಳನ್ನು ತಿನ್ನುತ್ತಿತ್ತು. ನಮ್ಮ ಟ್ಯಾಂಕಲ್ಲಿದ್ದದ್ದು ಒಟ್ಟು ನಾಲ್ಕು ಮೀನು.

ಇನ್ನೊಂದು ವಿಷಯ. ಇದಕ್ಕೆ ಆ ಜೀವಿಗಳಿಗಿಂತ ಮೀನಿನ ಮೈಮೇಲಿನ ಲೋಳೆಯೇ ಜಾಸ್ತಿ ಇಷ್ಟ. ಸಮುದ್ರದಲ್ಲಿ ಲೋಳೆ ಕಚ್ಚಿದರೆ ಆ ಮೀನು ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ಬಿಟ್ಟು ಹೋಗುತ್ತದೆ, ಆ ಹೆದರಿಕೆಗೆ ಇದು ನೆಟ್ಟಗಿರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಟ್ಯಾಂಗ್ ಎಲ್ಲಿಗೆ ಹೋಗಬೇಕು? ಕೊನೆಕೊನೆಗೆ ಅದು ದಿನವಿಡೀ ಕಲ್ಲಿನ ಸಂದಿಯಲ್ಲೇ ಅವಿತಿರುತ್ತಿತ್ತು.

ಹಿಡಿದು ತಂದದ್ದರಿಂದ ದಿಬ್ಬಕ್ಕೂ ನಷ್ಟವೇ. ಅದೇ ಲಿಜರ್ಡ್ ದ್ವೀಪದ ಬಳಿ ಕೆಲವು ಸಣ್ಣ ದಿಬ್ಬಗಳಿಂದ ಎಂಟೂವರೆ ವರ್ಷ ಈ ಮೀನನ್ನು ತೆಗೆಯುತ್ತಲೇ ಬಂದು ಏನಾಗುತ್ತದೆ ಅಂತ ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಲ್ಲೇ ನೆಲೆಸುವ ಮೀನುಗಳ ಸಂಖ್ಯೆ ಶೇ 37ರಷ್ಟು, ಜಾತಿಗಳು ಶೇ 23ರಷ್ಟು ಕಡಿಮೆ ಇದ್ದವು. ಅಂಗೈಯಲ್ಲಿ ಹಿಡಿಸುವ ಮೀನು ಇಲ್ಲದ್ದಕ್ಕೆ ಇಷ್ಟು!

ಇವು ಗುಂಪಾಗಿ ಬದುಕುತ್ತವೆ, ಒಂದು ಗಂಡು, ನಾಲ್ಕಾರು ಹೆಣ್ಣು. ಗಂಡು ಹೋದರೆ ದೊಡ್ಡ ಹೆಣ್ಣು ಕೆಲವೇ ಗಂಟೆಗಳಲ್ಲಿ ಯಜಮಾನಿಕೆ ವಹಿಸಿಕೊಂಡು, ಎರಡು ಮೂರು ವಾರದಲ್ಲಿ ಪೂರ್ತಿ ಗಂಡಾಗುತ್ತದೆ. ಕನ್ನಡಿಯಲ್ಲಿ ತನ್ನ ಮೈಮೇಲಿನ ಗುರುತು ನೋಡಿ ಅದನ್ನು ಉಜ್ಜಿ ತೆಗೆಯಲು ನೋಡುತ್ತದೆ ಅಂತ 2019ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದರು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಂಗಡಿಯಲ್ಲಿರುವ ಕ್ಲೀನರ್ ರ‍್ಯಾಸ್ ಹೆಚ್ಚುಕಮ್ಮಿ ಎಲ್ಲವೂ ದಿಬ್ಬದಿಂದ ಹಿಡಿದವು. ಇಂಥದೇ ಮೀನು ಬೇಕೇ ಬೇಕು ಅನ್ನುವವರಿಗೆ ಟ್ಯಾಂಕಲ್ಲೇ ಮರಿ ಮಾಡಿಸಿದ ನಿಯಾನ್ ಗೋಬಿ ಇದೆ. ಅದು ಹಾಕಿದ ಆಹಾರವನ್ನೂ ತಿನ್ನುತ್ತದೆ.

ದಯವಿಟ್ಟು ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಬರಹ ಓದಿದ ಯಾರಾದರೂ ಈ ವಾರವೇ ಅಂಗಡಿಗೆ ಹೋಗಬಹುದು.

– ಒಬ್ಬ ಓದುಗ, ಬೆಂಗಳೂರು